ಹುಡುಕಾಟದ ಲಾಗ್‌ನಲ್ಲಿ ಓದುಗರನ್ನೂ ಬಾಟ್‌ಗಳನ್ನೂ ಬೇರ್ಪಡಿಸಿದ ಕೆಲಸ

ಬೇಸಾಯ, ನೇಯ್ಗೆ, ಕಮ್ಮಾರಿಕೆ, ಅಡುಗೆ ಮುಂತಾದ ಕಸುಬುಗಳ ಕನ್ನಡ ಪದಗಳನ್ನು ಸಂಗ್ರಹಿಸಿ, ಅವು ಯಾವ ಭಾಗದಲ್ಲಿ ಯಾವ ಅರ್ಥದಲ್ಲಿ ಬಳಕೆಯಲ್ಲಿವೆ ಎಂದು ತಿಳಿಸುವ ಒಂದು ಚಿಕ್ಕ ಆನ್‌ಲೈನ್ ಪದಕೋಶವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಯಾರಾದರೂ ಅಲ್ಲಿ ಒಂದು ಪದವನ್ನು ಹುಡುಕಿದಾಗ ಆ ಪದ, ಹುಡುಕಿದ ಹೊತ್ತು ಮತ್ತು ಸಿಕ್ಕ ಫಲಿತಾಂಶಗಳ ಸಂಖ್ಯೆ ಡೇಟಾಬೇಸಿನ ಒಂದು ಕೋಷ್ಟಕದಲ್ಲಿ ದಾಖಲಾಗುತ್ತವೆ; ಇದೇ ಹುಡುಕಾಟದ ಲಾಗ್. ಈ ಕೋಷ್ಟಕದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದವು ಫಲಿತಾಂಶ ಸೊನ್ನೆಯಾದ ಸಾಲುಗಳು. ‘ಕೂರಿಗೆ’ಯನ್ನು ಹುಡುಕಿದವರಿಗೆ ಅರ್ಥ ಸಿಗುತ್ತದೆ, ಅವರ ಕೆಲಸ ಮುಗಿಯುತ್ತದೆ, ‘ಅಕ್ಕಡಿ ಸಾಲು’ ಹುಡುಕಿ ಏನೂ ಸಿಗದೆ ಹೋದವರು ಆ ಕೊರತೆಯನ್ನು ಪತ್ರ ಬರೆದು ತಿಳಿಸುವುದಿಲ್ಲ, ಅವರು ಬಂದು ಹೋದದ್ದಕ್ಕೆ ಕುರುಹಾಗಿ ಈ ಒಂದು ಸಾಲು ಮಾತ್ರ ಉಳಿಯುತ್ತದೆ. ಮುಂದೆ ಯಾವ ಪದಗಳನ್ನು ಸಂಗ್ರಹಿಸಬೇಕೆಂಬ ಪಟ್ಟಿಯನ್ನು ನಾನು ಈ ಸಾಲುಗಳಿಂದಲೇ ತೆಗೆಯುತ್ತೇನೆ.

ಆ ಪಟ್ಟಿ ಕೆಲವು ತಿಂಗಳಿಂದ ಓದಲಾಗದ ಸ್ಥಿತಿಗೆ ಬಂದಿತ್ತು. ಮೇಲಿನ ಸಾಲುಗಳ ತುಂಬ ಜೂಜಾಟಗಳ ಹೆಸರು, ಸಾಲ ಕೊಡಿಸುವುದಾಗಿ ಹೇಳುವವರ ದೂರವಾಣಿ ಸಂಖ್ಯೆ, ಟೆಲಿಗ್ರಾಂ ಖಾತೆಗಳು, ಚೀನೀ ಮತ್ತು ರಷ್ಯನ್ ಲಿಪಿಯ ಉದ್ದುದ್ದ ವಾಕ್ಯಗಳು ಸೇರಿಕೊಂಡಿದ್ದವು. ಓದುಗರು ನಿಜವಾಗಿ ಕೇಳಿದ ಪದಗಳು ಎಷ್ಟೋ ಪುಟ ಕೆಳಗೆ, ಒಂದೊಂದೇ ಸಲ ಎಣಿಕೆಯಾಗಿ ಚದುರಿಹೋಗಿದ್ದವು. ಅದನ್ನು ಸರಿಪಡಿಸಿದ ಕೆಲಸದ ದಾಖಲೆ ಇದು. ನನ್ನ ಸರ್ವರ್‌ನಲ್ಲಿ ಮುಂದೆ ನಿಂತು ವಿನಂತಿಗಳನ್ನು ಪಡೆಯುವ ಎನ್‌ಜಿನ್‌ಎಕ್ಸ್, ಅದರ ಹಿಂದೆ ಪೈಥಾನ್‌ನಲ್ಲಿ ಬರೆದ ಪ್ರೋಗ್ರಾಂ, ಅದರ ಹಿಂದೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇವೆ.

ಕೆಲಸಕ್ಕೆ ಕೈಹಾಕುವ ಮುನ್ನ ಒಂದು ವಿಷಯವನ್ನು ತೀರ್ಮಾನಿಸಿಕೊಂಡೆ. ಬಾಟ್‌ನ, ಅಂದರೆ ತಾನಾಗಿ ಓಡುವ ಪ್ರೋಗ್ರಾಮಿನ, ಸಾಲೊಂದು ಪಟ್ಟಿಯಲ್ಲಿ ಉಳಿದುಬಿಟ್ಟರೆ ಓದುವಾಗ ನನಗೆ ಒಂದು ಕ್ಷಣದ ತೊಂದರೆಯಾಗುತ್ತದೆ, ಅಷ್ಟೇ. ಆದರೆ ಓದುಗರೊಬ್ಬರು ಕೇಳಿದ ಪದ ಕಸದ ಜೊತೆಯಲ್ಲಿ ಹೊರಹೋದರೆ ಆ ಪದ ಕೋಶಕ್ಕೆ ಬಾರದೆಯೇ ಹೋಗಬಹುದು. ಎರಡೂ ತಪ್ಪುಗಳ ತೂಕ ಒಂದೇ ಅಲ್ಲ. ಆದ್ದರಿಂದ ಯಾವ ಸಾಲನ್ನೂ ಅಳಿಸದೆ, ಪ್ರತಿ ಸಾಲಿಗೆ ‘ಓದುಗ’, ‘ಯಂತ್ರ’, ‘ಸಂದೇಹ’ ಎಂಬ ಮೂರರಲ್ಲಿ ಒಂದು ಗುರುತು ಹಾಕುವುದು, ಗುರುತು ಏಕೆ ಬಿತ್ತೆಂಬುದನ್ನೂ ಪಕ್ಕದ ಕಾಲಮ್ಮಿನಲ್ಲಿ ಬರೆದಿಡುವುದು ಎಂದು ನಿರ್ಧರಿಸಿದೆ. ನಾಳೆ ನಿಯಮ ಬದಲಾದರೆ ಹಳೆಯ ಸಾಲುಗಳ ಗುರುತನ್ನು ಮತ್ತೆ ಲೆಕ್ಕ ಹಾಕಬಹುದು; ಅಳಿಸಿದ ಸಾಲನ್ನು ತಿರುಗಿ ತರಲು ಆಗುವುದಿಲ್ಲ.

ಬಾಟ್‌ಗಳಿಗೆ ಇಲ್ಲಿ ಏನು ಕೆಲಸ

ಪದಕೋಶದ ಹುಡುಕಾಟದ ಪೆಟ್ಟಿಗೆಯಲ್ಲಿ ದೂರವಾಣಿ ಸಂಖ್ಯೆ ಬರೆದರೆ ಯಾರಿಗೆ ಏನು ಲಾಭ ಎಂಬ ಪ್ರಶ್ನೆಗೆ ಉತ್ತರ ನಮ್ಮ ಫಲಿತಾಂಶದ ಪುಟದಲ್ಲೇ ಇತ್ತು. ಯಾವ ಪದ ಹುಡುಕಿದರೂ ಅದನ್ನು ಪುಟದ ಶೀರ್ಷಿಕೆಯಲ್ಲಿ ಹಾಗೆಯೇ ತೋರಿಸುತ್ತಿದ್ದೆವು, ಮತ್ತು ಆ ಪುಟಕ್ಕೆ ತನ್ನದೇ ವಿಳಾಸವಿತ್ತು. ಸ್ಪ್ಯಾಮ್ ಮಾಡುವವರು ತಮ್ಮ ಜಾಹೀರಾತಿನ ವಾಕ್ಯವನ್ನೇ ಹುಡುಕಾಟದ ಪದವಾಗಿ ಸೇರಿಸಿದ ಕೊಂಡಿಯನ್ನು ಬೇರೆಲ್ಲೋ ಹಾಕುತ್ತಾರೆ. ಗೂಗಲ್‌ನಂತಹ ಸರ್ಚ್ ಎಂಜಿನ್ ಆ ಕೊಂಡಿಯನ್ನು ಹಿಡಿದು ಬರುತ್ತದೆ. ನಮ್ಮ ಸರ್ವರ್ ಆ ವಾಕ್ಯವನ್ನು ಶೀರ್ಷಿಕೆಯಾಗಿ ಹೊತ್ತ ಪುಟವನ್ನು ನಿಷ್ಠೆಯಿಂದ ತಯಾರಿಸಿ ಕೊಡುತ್ತದೆ. ಕೊನೆಗೆ ಅವರ ದೂರವಾಣಿ ಸಂಖ್ಯೆ ಒಂದು ಕನ್ನಡ ಪದಕೋಶದ ಹೆಸರಿನಡಿ ಹೊರಗಿನ ಫಲಿತಾಂಶಗಳಲ್ಲಿ ಕಾಣಿಸಿಕೊಳ್ಳುತ್ತದೆ. ಪದಕೋಶದ ಮೇಲೆ ಅವರಿಗೆ ದ್ವೇಷವೂ ಇಲ್ಲ, ಆಸಕ್ತಿಯೂ ಇಲ್ಲ. ಹುಡುಕಿದ ಪದವನ್ನು ಮರಳಿ ತೋರಿಸುವ ಯಾವ ಪುಟವಾದರೂ ಅವರಿಗೆ ಸಾಕು.

ಎರಡನೆಯ ಬಗೆಯವು ಕೊಂಡಿಯಿಂದ ಕೊಂಡಿಗೆ ಹೋಗುವ ಕ್ರಾಲರ್‌ಗಳು. ನಮ್ಮ ಫಲಿತಾಂಶದ ಪುಟದಲ್ಲಿ ಜಿಲ್ಲೆ, ಕಸುಬು, ಅಕಾರಾದಿ ಕ್ರಮ ಎಂಬ ಸೋಸುವ ಕೊಂಡಿಗಳಿದ್ದವು. ಒಂದು ಪದಕ್ಕೆ ಇವುಗಳ ಜೋಡಣೆ ನೂರಾರು ಆಗುತ್ತದೆ, ಮತ್ತು ಪ್ರತಿ ಜೋಡಣೆಯೂ ಕ್ರಾಲರ್‌ನ ಕಣ್ಣಿಗೆ ಹೊಸ ಪುಟ. ‘ಮಗ್ಗ’ ಎಂಬ ಒಂದೇ ಪದ ಎಲ್ಲ ಜಿಲ್ಲೆಗಳಲ್ಲಿ, ಎಲ್ಲ ಕಸುಬುಗಳಲ್ಲಿ ಹುಡುಕಲ್ಪಟ್ಟಂತೆ ಲಾಗ್‌ನಲ್ಲಿ ಕಂಡದ್ದಕ್ಕೆ ಇದೇ ಕಾರಣ. ನೇಕಾರರ ಪದಗಳಿಗೆ ಬೇಡಿಕೆ ಹೆಚ್ಚಿದೆ ಎಂದು ಆ ಸಂಖ್ಯೆಗಳನ್ನು ನೋಡಿದವರು ಸುಲಭವಾಗಿ ನಂಬಬಹುದಿತ್ತು.

ಮೂರನೆಯವು ಭದ್ರತೆಯ ಬಿರುಕು ಹುಡುಕುವ ಯಂತ್ರಗಳು: ಒಂಟಿ ಉದ್ಧರಣ ಚಿಹ್ನೆಯ ಹಿಂದೆ ಎಸ್‌ಕ್ಯೂಎಲ್ (ಡೇಟಾಬೇಸಿನ ಭಾಷೆ) ಆಜ್ಞೆಯನ್ನು ಅಂಟಿಸಿದ ಪದಗಳು, ಸರ್ವರ್‌ನ ಪಾಸ್‌ವರ್ಡ್ ಕಡತಕ್ಕೆ ಮೇಲೆ ಮೇಲೆ ಹತ್ತುವ ದಾರಿಗಳು, ಜೋಡಿ ಪುಷ್ಪಾವರಣದೊಳಗೆ ಏಳನ್ನು ಏಳರಿಂದ ಗುಣಿಸುವ ಲೆಕ್ಕ. ಈ ಕೊನೆಯದರ ಉದ್ದೇಶ ಸರಳ: ಉತ್ತರದ ಪುಟದಲ್ಲಿ 49 ಎಂದು ಬಂದರೆ ಸರ್ವರ್ ಹೊರಗಿನವರು ಬರೆದ ಲೆಕ್ಕವನ್ನು ಮಾಡಿತು ಎಂದರ್ಥ, ಅಂದರೆ ಒಳಗೆ ಬೇರೇನನ್ನಾದರೂ ಮಾಡಿಸಲು ದಾರಿಯಿದೆ ಎಂದರ್ಥ. ನಮ್ಮ ಪ್ರೋಗ್ರಾಂ ಪದವನ್ನು ಎಂದೂ ಆಜ್ಞೆಯ ಭಾಗವಾಗಿ ಜೋಡಿಸುವುದಿಲ್ಲವೆಂಬುದನ್ನು ಇನ್ನೊಮ್ಮೆ ಪರಿಶೀಲಿಸಿಕೊಂಡೆ. ಈ ಬಗೆಯ ಸಾಲುಗಳನ್ನು ಗುರುತಿಸುವುದು ಸುಲಭ, ಆದ್ದರಿಂದ ಇವುಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಮೊದಲು ಆಕರ್ಷಣೆಯನ್ನು ತೆಗೆದದ್ದು

ಕಸವನ್ನು ಗುಡಿಸುವ ಮೊದಲು ಅದು ಬರುವ ಬಾಗಿಲನ್ನು ಮುಚ್ಚಬೇಕಿತ್ತು. ಫಲಿತಾಂಶದ ಪುಟದ ಶೀರ್ಷಿಕೆಯನ್ನು ‘ಹುಡುಕಾಟ’ ಎಂಬ ಒಂದೇ ಪದಕ್ಕೆ ಇಳಿಸಿದೆ. ಹುಡುಕಿದ ಪದ ಈಗ ಪೆಟ್ಟಿಗೆಯೊಳಗೆ ಮಾತ್ರ ಉಳಿಯುತ್ತದೆ. ಫಲಿತಾಂಶದ ಪುಟಗಳನ್ನು ಸೂಚಿಗೆ ಸೇರಿಸಬೇಡಿ ಎಂದು ಸರ್ಚ್ ಎಂಜಿನ್‌ಗಳಿಗೆ ಹೇಳುವ ‘ನೋಇಂಡೆಕ್ಸ್’ ಸೂಚನೆಯನ್ನು ಪ್ರತಿ ಉತ್ತರದ ಹೆಡರ್‌ನಲ್ಲಿ ಸೇರಿಸಿದೆ. ಸೋಸುವ ಕೊಂಡಿಗಳನ್ನೆಲ್ಲ ಗುಂಡಿಗಳಾಗಿ ಬದಲಾಯಿಸಿದೆ. ಗುಂಡಿ ಒತ್ತಿದರೆ ಫಾರ್ಮ್ ಸಲ್ಲಿಕೆಯಾಗುತ್ತದೆ, ಕ್ರಾಲರ್ ಹಿಂಬಾಲಿಸಲು ಅಲ್ಲಿ ವಿಳಾಸವಿರುವುದಿಲ್ಲ. ಪ್ರತಿ ಪದದ ವಿವರಣೆಯ ಪುಟಕ್ಕೆ ಮೊದಲಿನಿಂದಲೂ ಪ್ರತ್ಯೇಕ ವಿಳಾಸ ಇರುವುದರಿಂದ, ಓದುಗರು ಒಂದು ಪದವನ್ನು ಇನ್ನೊಬ್ಬರಿಗೆ ಕಳುಹಿಸುವ ಅಭ್ಯಾಸಕ್ಕೆ ಇದರಿಂದ ಧಕ್ಕೆಯಾಗಲಿಲ್ಲ.

ಇಲ್ಲಿ ಕೆಲಸದ ಅನುಕ್ರಮ ಮುಖ್ಯವಾಗುತ್ತದೆ. ಯಾವ ಪುಟಗಳಿಗೆ ಬರಬಾರದೆಂದು ಕ್ರಾಲರ್‌ಗಳಿಗೆ ತಿಳಿಸುವ ರೋಬೋಟ್ಸ್ ಕಡತದಲ್ಲಿ ಹುಡುಕಾಟದ ದಾರಿಯನ್ನು ಮೊದಲೇ ನಿಷೇಧಿಸಿಬಿಟ್ಟರೆ, ಆ ಮಾತನ್ನು ಪಾಲಿಸುವ ಸರ್ಚ್ ಎಂಜಿನ್ ಪುಟವನ್ನು ತೆರೆಯುವುದೇ ಇಲ್ಲ. ತೆರೆಯದಿದ್ದರೆ ಒಳಗಿರುವ ನೋಇಂಡೆಕ್ಸ್ ಸೂಚನೆ ಅದಕ್ಕೆ ಕಾಣುವುದಿಲ್ಲ. ಕಾಣದಿದ್ದರೆ ಹೊರಗಿನ ಕೊಂಡಿಗಳ ಆಧಾರದ ಮೇಲೆ ಆ ವಿಳಾಸ ಸೂಚಿಯಲ್ಲಿ ಹಾಗೆಯೇ ಉಳಿಯಬಹುದು. ಆದ್ದರಿಂದ ನೋಇಂಡೆಕ್ಸ್ ಹಾಕಿ, ಹಳೆಯ ಪುಟಗಳು ಸೂಚಿಯಿಂದ ಬಿದ್ದುಹೋಗುವವರೆಗೆ ಕಾದು, ಅನಂತರವೇ ರೋಬೋಟ್ಸ್ ಕಡತದಲ್ಲಿ ನಿಷೇಧ ಬರೆದೆ. 1994ರಲ್ಲಿ ಮಾರ್ಟಿನ್ ಕೋಸ್ಟರ್ ಅವರು ಸೂಚಿಸಿದ ಈ ಏರ್ಪಾಡು ಬಹುಕಾಲ ಬರಿಯ ರೂಢಿಯಾಗಿದ್ದು, 2022ರ ಸೆಪ್ಟೆಂಬರ್‌ನಲ್ಲಿ ಆರ್‌ಎಫ್‌ಸಿ 9309 ಎಂಬ ಮಾನಕವಾಯಿತು. ಮಾನಕವಾದರೂ ಅದು ವಿನಂತಿಯೇ. ಪಾಲಿಸಬೇಕೆಂದಿರುವವರು ಪಾಲಿಸುತ್ತಾರೆ, ಸ್ಪ್ಯಾಮ್ ಮಾಡುವವರು ಅದನ್ನು ಓದುವುದೂ ಇಲ್ಲ.

ಒಂದು ಸಾಲನ್ನು ಹತ್ತಿರದಿಂದ ನೋಡಿದರೆ

ಸರ್ವರ್‌ನ ಮೂಲ ಲಾಗ್‌ನಲ್ಲಿ, ಅಂದರೆ ಅದಕ್ಕೆ ಬಂದ ಪ್ರತಿ ವಿನಂತಿಯ ದಾಖಲೆಯಲ್ಲಿ, ಕನ್ನಡ ಕನ್ನಡವಾಗಿ ಕಾಣುವುದಿಲ್ಲ. ಯೂನಿಕೋಡ್‌ನ ಕನ್ನಡ ವಿಭಾಗದ ಪ್ರತಿ ಸಂಕೇತಕ್ಕೂ ಯುಟಿಎಫ್-8 ಎಂಬ ಬರೆಯುವ ಕ್ರಮದಲ್ಲಿ ಮೂರು ಬೈಟ್ ಬೇಕು, ವಿಳಾಸದಲ್ಲಿ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಾಗಿ ಬರೆಯಲ್ಪಡುತ್ತದೆ. ‘ಕ’ ಎಂಬುದು ಇ0, ಬಿ2, 95 ಎಂಬ ಮೂರು ತುಣುಕುಗಳಾಗುತ್ತದೆ, ಅಂದರೆ ಒಂಬತ್ತು ಅಕ್ಷರ. ‘ಕೂರಿಗೆ’ಯಲ್ಲಿ ಕ, ದೀರ್ಘ ಊಕಾರ, ರ, ಇಕಾರ, ಗ, ಎಕಾರ ಎಂದು ಆರು ಸಂಕೇತಗಳಿವೆ, ಲಾಗ್‌ನಲ್ಲಿ ಅದು 54 ಅಕ್ಷರಗಳಷ್ಟು ಉದ್ದವಾಗುತ್ತದೆ. ವಿಳಾಸ ಇಷ್ಟಕ್ಕಿಂತ ಉದ್ದವಿದ್ದರೆ, ಶೇಕಡಾ ಚಿಹ್ನೆಗಳು ಇಷ್ಟಕ್ಕಿಂತ ಹೆಚ್ಚಿದ್ದರೆ ತಡೆಯಿರಿ ಎಂಬ ಸಿದ್ಧ ನಿಯಮಗಳನ್ನು ಇಂಗ್ಲಿಷ್ ಅಳತೆಯಲ್ಲಿ ಬರೆದಿದ್ದರೆ, ಅವುಗಳ ಕಣ್ಣಿಗೆ ಸಾಧಾರಣ ಕನ್ನಡ ಓದುಗರೆಲ್ಲ ಅಪಾಯಕಾರಿಯಾಗಿಯೇ ಕಾಣುತ್ತಾರೆ. ಅಂತಹ ನಿಯಮಗಳ ಗುಚ್ಛವನ್ನು ಮೊದಲು ತಡೆಯದೆ ಬರೆದುಕೊಳ್ಳುವ ಸ್ಥಿತಿಯಲ್ಲಿ ಮಾತ್ರ ಓಡಿಸಿ ನೋಡಿ, ಉದ್ದ ಮತ್ತು ಚಿಹ್ನೆಗೆ ಸಂಬಂಧಿಸಿದವನ್ನು ಕೈಬಿಟ್ಟೆ.

ಅದೇ ಸಂಕೇತ ಪದ್ಧತಿ ಒಂದು ಒಳ್ಳೆಯ ಸುಳಿವನ್ನೂ ಕೊಟ್ಟಿತು. ಕೆಲವು ಯಂತ್ರಗಳು ಈಗಾಗಲೇ ಸಂಕೇತವಾಗಿರುವ ಕೊಂಡಿಯನ್ನು ಎತ್ತಿಕೊಂಡು ಮತ್ತೊಮ್ಮೆ ಸಂಕೇತಿಸುತ್ತವೆ. ಆಗ ಶೇಕಡಾ ಚಿಹ್ನೆಯೇ 25 ಎಂಬ ಸಂಖ್ಯೆಯಾಗಿ ಬದಲಾಗಿ, ಪ್ರತಿ ತುಣುಕಿನ ಮುಂದೆ 25 ಎಂದು ಕಾಣುತ್ತದೆ. ಪೆಟ್ಟಿಗೆಯಲ್ಲಿ ಬೆರಳಿನಿಂದ ಬರೆದು ಹುಡುಕಿದವರ ಬ್ರೌಸರ್ ಹೀಗೆ ಮಾಡುವುದಿಲ್ಲ.

ಲಿಪಿಯನ್ನು ನೋಡಿ ತೀರ್ಪು ಕೊಡಲಾಗದು

ಕನ್ನಡ ಪದಕೋಶದಲ್ಲಿ ಕನ್ನಡವಲ್ಲದ್ದನ್ನೆಲ್ಲ ಕಸವೆಂದು ಎತ್ತಿಹಾಕುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಕೆಲಸದಲ್ಲಿ ನನಗೆ ಸಹಾಯ ಮಾಡುವ ಗೆಳೆಯರು ಅದನ್ನೇ ಸೂಚಿಸಿದರು. ನಿಯಮವನ್ನು ಜಾರಿಗೆ ತರುವ ಮುನ್ನ ಅದು ಯಾವ ಯಾವ ಸಾಲುಗಳನ್ನು ಹಿಡಿಯುತ್ತದೆ ಎಂದು ಇಬ್ಬರೂ ಕುಳಿತು ಓದಿದೆವು. ಈ ಇಡೀ ಕೆಲಸದಲ್ಲಿ ಹೆಚ್ಚು ಕಲಿಸಿದ್ದು ಆ ಓದೇ.

ಇಂಗ್ಲಿಷ್ ಅಕ್ಷರಗಳಲ್ಲಿ ‘ಕುಂಟೆ’, ‘ಮೂಗುದಾರ’ ಎಂದು ಬರೆದವರು ಅಲ್ಲಿ ಧಾರಾಳವಾಗಿ ಸಿಕ್ಕರು. ಫೋನಿನಲ್ಲಿ ಕನ್ನಡ ಕೀಲಿಮಣೆ ಹಾಕಿಕೊಳ್ಳದವರು, ಹೊರನಾಡಿನಲ್ಲಿ ಬೆಳೆದು ಮಾತು ಬಲ್ಲ, ಲಿಪಿ ಅಷ್ಟಾಗಿ ರೂಢಿಯಿಲ್ಲದವರು ಹೀಗೆ ಬರೆಯುತ್ತಾರೆ. ಅವರು ಕೇಳುವ ಪದಗಳು ಬಹುಮಟ್ಟಿಗೆ ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿದವು, ಆದ್ದರಿಂದ ನನಗೆ ಅಮೂಲ್ಯ. ಗಡಿಭಾಗದ ಕೆಲವರು ದೇವನಾಗರಿಯಲ್ಲಿ ಬರೆದಿದ್ದರು.

ಇನ್ನೊಂದು ಬಗೆಯ ಸಾಲುಗಳನ್ನು ನೋಡಿದಾಗ ಯಾರಿಗಾದರೂ ಅದು ಕೆಟ್ಟುಹೋದ ಯಂತ್ರದ ಬರಹವೆಂದೇ ಅನ್ನಿಸುತ್ತದೆ: ಇಂಗ್ಲಿಷ್‌ನ ದೊಡ್ಡ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಪೌಂಡ್ ನಾಣ್ಯದ ಚಿಹ್ನೆ, ಮತ್ತೆ ಗೀಟಿನ ಎ, ಜರ್ಮನ್ನಿನ ಎಸ್ಸೆಟ್, ಕ್ಯೂ, ಮತ್ತೆ ಗೀಟಿನ ಎ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ನೋಡಿದರೆ ಅದು ‘ಕನ್ನಡ’ ಎಂಬ ಪದ. ಆ ಫಾಂಟುಗಳಲ್ಲಿ ಕನ್ನಡದ ಆಕಾರಗಳನ್ನು ಲ್ಯಾಟಿನ್ ಸಂಕೇತಗಳ ಜಾಗದಲ್ಲಿ ಕೂರಿಸಿರುವುದರಿಂದ, ಹಳೆಯ ಕಡತದಿಂದ ಒಂದು ಪದವನ್ನು ನಕಲು ಮಾಡಿ ನಮ್ಮ ಪೆಟ್ಟಿಗೆಯಲ್ಲಿ ಅಂಟಿಸಿದರೆ ಫಾಂಟು ಹಿಂದೆಯೇ ಉಳಿದು ಸಂಕೇತ ಮಾತ್ರ ಬರುತ್ತದೆ. ಹೀಗೆ ಅಂಟಿಸುವವರು ಯಾರು? ಹಳೆಯ ಹಸ್ತಪ್ರತಿ, ವರದಿ, ಪ್ರಬಂಧಗಳನ್ನು ಕಂಪ್ಯೂಟರಿನಲ್ಲಿ ಇಟ್ಟುಕೊಂಡು ಕೆಲಸ ಮಾಡುವ ಅಧ್ಯಾಪಕರು, ಪತ್ರಕರ್ತರು, ಡಿಟಿಪಿ ಮಾಡುವವರು. ಅಂದರೆ ಪದಕೋಶವನ್ನು ಅತ್ಯಂತ ಶ್ರದ್ಧೆಯಿಂದ ಬಳಸುವವರನ್ನೇ ಲಿಪಿಯ ನಿಯಮ ಮೊದಲು ಹೊರಹಾಕುತ್ತಿತ್ತು.

ಉದ್ದದ ನಿಯಮವೂ ಹೀಗೆಯೇ ಬಿದ್ದುಹೋಯಿತು. ‘ಎತ್ತಿನ ಮೂಗಿಗೆ ಹಾಕುವ ಹಗ್ಗಕ್ಕೆ ಏನಂತಾರೆ’ ಎಂದು ಒಬ್ಬರು ಕೇಳಿದ್ದರು. ಪದವೇ ಗೊತ್ತಿಲ್ಲದವರು ಪದವನ್ನು ಹೇಗೆ ಹುಡುಕಬೇಕು? ವಸ್ತುವನ್ನು ವರ್ಣಿಸಿ ಕೇಳುತ್ತಾರೆ. ಫಲಿತಾಂಶ ಸೊನ್ನೆ, ಪದ ‘ಮೂಗುದಾರ’ ಕೋಶದಲ್ಲಿ ಇದ್ದೂ ಸಿಕ್ಕಿರಲಿಲ್ಲ.

ಇತ್ತ ಕಸವೂ ಕನ್ನಡ ಕಲಿತಿದೆ. ‘ಉತ್ತಮ ಆನ್‌ಲೈನ್ ಕ್ಯಾಸಿನೊ ನೋಂದಣಿ ಬೋನಸ್ ಪಡೆಯಿರಿ’ ಎಂಬಂತಹ, ಯಂತ್ರಾನುವಾದದಿಂದ ಬಂದ ಶುದ್ಧ ಯೂನಿಕೋಡ್ ಕನ್ನಡದ ಸಾಲುಗಳು ಎಷ್ಟೋ ಇದ್ದವು. ಲಿಪಿಯ ನಿಯಮ ಇವನ್ನೆಲ್ಲ ಗೌರವದಿಂದ ಒಳಗೆ ಬಿಡುತ್ತಿತ್ತು. ಎರಡೂ ದಿಕ್ಕಿನಲ್ಲಿ ತಪ್ಪುವ ನಿಯಮವನ್ನು ತಿದ್ದಿ ಉಳಿಸಿಕೊಳ್ಳುವುದರಲ್ಲಿ ಅರ್ಥವಿರಲಿಲ್ಲ.

ಓದುಗರ ಸಾಲುಗಳನ್ನೇ ಒಂದುಗೂಡಿಸುವ ಕೆಲಸವೂ ಇಲ್ಲೇ ಸೇರಿಕೊಂಡಿತು, ಏಕೆಂದರೆ ಒಂದೇ ಪದ ಹತ್ತು ರೂಪದಲ್ಲಿ ಚದುರಿದ್ದರೆ ಅದು ಪಟ್ಟಿಯಲ್ಲಿ ಮೇಲೆ ಬರುವುದೇ ಇಲ್ಲ. ‘ಕುಂಟೆ’ ಮತ್ತು ‘ಕು೦ಟೆ’ ಕಣ್ಣಿಗೆ ಒಂದೇ ಆಗಿ ಕಂಡರೂ ಎರಡನೆಯದರಲ್ಲಿ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಅಂಕಿ ಇದೆ. ‘ಕೊ’ದಲ್ಲಿರುವ ಒಕಾರವನ್ನು ಒಂದೇ ಸಂಕೇತವಾಗಿಯೂ ಎಕಾರ ಮತ್ತು ಊಕಾರ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಬರೆಯಬಹುದು. ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತಗಳು ಕೆಲವು ಕೀಲಿಮಣೆಗಳಿಂದ ಬರುತ್ತವೆ, ಕೆಲವುದರಿಂದ ಬರುವುದಿಲ್ಲ. ಯೂನಿಕೋಡ್‌ನ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತಂದರೆ ಸ್ವರಚಿಹ್ನೆಗಳ ಜೋಡಿ ಕೂಡಿಕೊಳ್ಳುತ್ತದೆ, ಆದರೆ ಸೊನ್ನೆ ಮತ್ತು ಅನುಸ್ವಾರ ಬೇರೆ ಬೇರೆಯಾಗಿಯೇ ಉಳಿಯುತ್ತವೆ; ಅದಕ್ಕೆ, ಎರಡೂ ಬದಿಯಲ್ಲಿ ಕನ್ನಡ ಅಕ್ಷರವಿರುವ ಸೊನ್ನೆಯನ್ನು ಅನುಸ್ವಾರವಾಗಿ ಓದಬೇಕೆಂದು ಪ್ರತ್ಯೇಕವಾಗಿ ಬರೆದೆ. ಓದುಗರು ಬರೆದ ಮೂಲ ರೂಪವನ್ನು ಹಾಗೆಯೇ ಉಳಿಸಿ, ಎಣಿಕೆಗಾಗಿ ಮಾತ್ರ ಈ ಶುದ್ಧರೂಪವನ್ನು ಪಕ್ಕದ ಕಾಲಮ್ಮಿನಲ್ಲಿ ಇಟ್ಟಿದ್ದೇನೆ.

ಬಂದ ರೀತಿ, ಹೇಳುವ ಮಾತು

ಕೊನೆಗೆ ನಿಂತ ನಿಯಮ ಇದು: ಹುಡುಕಾಟ ಬಂದ ರೀತಿ ಒಂದು ಸಾಕ್ಷ್ಯ, ಅದರಲ್ಲಿರುವ ಮಾತು ಇನ್ನೊಂದು ಸಾಕ್ಷ್ಯ, ಎರಡೂ ಕೂಡಿ ಹೇಳಿದರೆ ಮಾತ್ರ ‘ಯಂತ್ರ’ ಎಂಬ ಗುರುತು, ಒಂದೇ ಹೇಳಿದರೆ ‘ಸಂದೇಹ’.

ಬಂದ ರೀತಿಯನ್ನು ತಿಳಿಯಲು ಟೋಕನ್ ಒಂದನ್ನು, ಅಂದರೆ ಹುಡುಕಾಟದ ಜೊತೆ ಬರುವ ಚೀಟಿಯನ್ನು, ಸೇರಿಸಿದೆ. ನಮ್ಮ ಪುಟಗಳು ಕ್ಯಾಶ್‌ನಿಂದ, ಅಂದರೆ ಮೊದಲೇ ತಯಾರಿಸಿಟ್ಟ ಪ್ರತಿಯಿಂದ, ಹೋಗುವುದರಿಂದ ಟೋಕನ್ನನ್ನು ಪುಟದಲ್ಲೇ ಬರೆದಿಡಲು ಆಗುವುದಿಲ್ಲ. ಓದುಗರು ಪೆಟ್ಟಿಗೆಯ ಮೇಲೆ ಬೆರಳಿಟ್ಟ ಕೂಡಲೇ ಒಂದು ಚಿಕ್ಕ ಜಾವಾಸ್ಕ್ರಿಪ್ಟ್ ತುಣುಕು ಅದನ್ನು ಸರ್ವರ್‌ನಿಂದ ತರುತ್ತದೆ. ಅದರಲ್ಲಿ ಕೊಟ್ಟ ಹೊತ್ತು ಮತ್ತು ಸರ್ವರ್‌ನ ಗುಪ್ತ ಕೀಲಿಯಿಂದ ಮಾಡಿದ ಸಹಿ ಇರುತ್ತವೆ, ಬೇರೇನೂ ಇರುವುದಿಲ್ಲ. ಟೋಕನ್ ಇಲ್ಲದ ಹುಡುಕಾಟವೂ ನಡೆಯುತ್ತದೆ, ಉತ್ತರವೂ ಸಿಗುತ್ತದೆ. ಜಾವಾಸ್ಕ್ರಿಪ್ಟ್ ನಿಲ್ಲಿಸಿಕೊಂಡವರಿಗೆ, ಹಳೆಯ ಫೋನಿನವರಿಗೆ ತೊಂದರೆಯಾಗಬಾರದು. ಒಂದು ಟೋಕನ್ ಕೆಲವು ಗಂಟೆ ಸಿಂಧುವಾಗಿರುತ್ತದೆ, ಆದರೆ ಅದರ ಮೇಲೆ 30 ಹುಡುಕಾಟ ದಾಟಿದರೆ ‘ರೀತಿ’ಯ ಕಾಲಮ್ಮಿನಲ್ಲಿ ಗುರುತು ಬೀಳುತ್ತದೆ. ಇಲ್ಲದಿದ್ದರೆ ಒಂದು ಟೋಕನ್ ಪಡೆದು ಸಾವಿರ ಸಲ ಬಳಸುವ ದಾರಿ ತೆರೆದೇ ಇರುತ್ತಿತ್ತು. ಕಾಣದಂತೆ ಅಡಗಿಸಿದ ಇನ್ನೊಂದು ಖಾಲಿ ಪೆಟ್ಟಿಗೆಯನ್ನೂ ಫಾರ್ಮ್‌ನಲ್ಲಿ ಇಟ್ಟೆ. ಸಿಕ್ಕ ಪೆಟ್ಟಿಗೆಯನ್ನೆಲ್ಲ ತುಂಬುವ ಬಾಟ್‌ಗಳು ಅದನ್ನೂ ತುಂಬುತ್ತವೆ. ದೃಷ್ಟಿ ಇಲ್ಲದವರ ಸ್ಕ್ರೀನ್ ರೀಡರ್ ಅದನ್ನು ಓದಿಬಿಡದಂತೆ, ಟ್ಯಾಬ್ ಕೀಲಿ ಅಲ್ಲಿ ನಿಲ್ಲದಂತೆ, ಬ್ರೌಸರ್ ತಾನಾಗಿ ತುಂಬದಂತೆ ಮೂರನ್ನೂ ಬೇರೆ ಬೇರೆಯಾಗಿ ತಡೆಯಬೇಕಾಗುತ್ತದೆ.

ಮಾತಿನ ಸಾಕ್ಷ್ಯದಲ್ಲಿ ಹೆಚ್ಚು ಫಲ ಕೊಟ್ಟದ್ದು ಅಚ್ಚನ್ನು ಗುರುತಿಸುವ ವಿಧಾನ. ಸ್ಪ್ಯಾಮ್ ವಾಕ್ಯಗಳು ಒಂದೇ ಅಚ್ಚಿನಿಂದ ಬರುತ್ತವೆ, ಸಂಖ್ಯೆ ಮಾತ್ರ ಬದಲಾಗುತ್ತದೆ. ಪ್ರತಿ ಸಾಲಿನ ಅಂಕಿಗಳನ್ನೆಲ್ಲ ಒಂದೇ ಚಿಹ್ನೆಯಾಗಿ ಬದಲಾಯಿಸಿ ಎಣಿಸಿದರೆ, ಬಿಡಿಬಿಡಿಯಾಗಿ ಕಂಡ ಸಾವಿರಾರು ಸಾಲುಗಳು ಕೆಲವೇ ಅಚ್ಚುಗಳಾಗಿ ಕುಗ್ಗುತ್ತವೆ. ತಪ್ಪಿಸಿಕೊಳ್ಳಲೆಂದು ಅವರು ಅಂಕಿಗಳನ್ನು ವೃತ್ತದೊಳಗೆ ಅಥವಾ ದುಪ್ಪಟ್ಟು ಅಗಲದ ರೂಪದಲ್ಲಿ ಬರೆಯುತ್ತಾರೆ. ಎನ್‌ಎಫ್‌ಕೆಸಿ ಎಂಬ ಇನ್ನೊಂದು ಯೂನಿಕೋಡ್ ರೂಪ ಅವನ್ನೆಲ್ಲ ಸಾಧಾರಣ ಅಂಕಿಗಳಾಗಿಸುತ್ತದೆ. ಉದ್ದ ಅಂಕಿಸಾಲು, ಜಾಲವಿಳಾಸ, ಟೆಲಿಗ್ರಾಂ ಖಾತೆಯ ಗುರುತು ಇವು ಉಳಿದ ಸುಳಿವುಗಳು.

ಹಳೆಯ ಸಾಲುಗಳಿಗೆ ಟೋಕನ್ ಇರಲಿಲ್ಲ. ಮೂಲ ಲಾಗ್ ಉಳಿದಿರುವಷ್ಟು ಹಿಂದಕ್ಕೆ, ಆ ಹುಡುಕಾಟದ ಜೊತೆಗೆ ಪುಟದ ರೂಪವನ್ನು ನಿರ್ಧರಿಸುವ ಸ್ಟೈಲ್ ಕಡತವೂ ಅದೇ ಐಪಿ ವಿಳಾಸಕ್ಕೆ (ಜಾಲದಲ್ಲಿ ಕೇಳಿದವರ ಸಂಪರ್ಕದ ಗುರುತಿಗೆ) ಹೋಗಿತ್ತೇ ಎಂದು ನೋಡಿದೆ. ಪುಟ ಮಾತ್ರ ಪಡೆದು ಚಿತ್ರವನ್ನೂ ಸ್ಟೈಲನ್ನೂ ಕೇಳದೆ ಹೋಗುವವು ಬಹುಮಟ್ಟಿಗೆ ಯಂತ್ರಗಳು. ಬ್ರೌಸರ್ ಆ ಕಡತವನ್ನು ತನ್ನ ಬಳಿ ಮೊದಲೇ ಇಟ್ಟುಕೊಂಡಿರಬಹುದಾದ್ದರಿಂದ ಇದನ್ನು ದುರ್ಬಲ ಸಾಕ್ಷ್ಯವೆಂದೇ ಎಣಿಸಿದ್ದೇನೆ. ಅದಕ್ಕೂ ಹಿಂದಿನ ಸಾಲುಗಳಲ್ಲಿ, ದೊಡ್ಡ ಅಚ್ಚಿಗೆ ಸೇರಿದವನ್ನು ಬಿಟ್ಟು ಮಿಕ್ಕ ಅನುಮಾನದ ಸಾಲುಗಳೆಲ್ಲ ‘ಸಂದೇಹ’ದಲ್ಲೇ ಉಳಿದಿವೆ.

ಐಪಿ ವಿಳಾಸ ಮತ್ತು ವೇಗಮಿತಿ

ಹೆಚ್ಚು ಹುಡುಕುವ ಐಪಿ ವಿಳಾಸವನ್ನು ತಡೆದುಬಿಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ನಮ್ಮ ದೇಶದ ಮೊಬೈಲ್ ಜಾಲಗಳಲ್ಲಿ ಐಪಿವಿ4 ಎಂಬ ಹಳೆಯ ಬಗೆಯ ವಿಳಾಸವನ್ನು ಬಹಳ ಜನ ಹಂಚಿಕೊಳ್ಳುತ್ತಾರೆ. ಒಂದು ಶಾಲೆಯ ಕಂಪ್ಯೂಟರ್ ಕೊಠಡಿಯ ಮಕ್ಕಳೆಲ್ಲ ಒಂದೇ ವಿಳಾಸದಿಂದ ಬರುತ್ತಾರೆ. ಐಪಿವಿ6 ಎಂಬ ಹೊಸ ಬಗೆಯಲ್ಲಿ ಇದರ ತಲೆಕೆಳಗು: ಒಂದು ಮನೆಗೆ, ಒಂದು ಫೋನಿಗೆ /64 ಅಳತೆಯ, ಅಂದರೆ ಮೊದಲ 64 ಬಿಟ್ ಒಂದೇ ಆಗಿರುವ, ವಿಳಾಸಗಳ ಇಡೀ ಗುಂಪೇ ಸಿಗುವುದರಿಂದ ಬಾಟ್ ಪ್ರತಿ ಸಲವೂ ಹೊಸ ವಿಳಾಸ ಬಳಸಬಹುದು. ಆದ್ದರಿಂದ ಐಪಿವಿ6ರಲ್ಲಿ ಮೊದಲ 64 ಬಿಟ್‌ಗಳನ್ನು ಮಾತ್ರ ಒಂದು ಘಟಕವಾಗಿ ಎಣಿಸುವಂತೆ, ಐಪಿವಿ4ರಲ್ಲಿ ಮಿತಿ ಸಡಿಲವಾಗಿರುವಂತೆ ಬರೆದೆ. ಎನ್‌ಜಿನ್‌ಎಕ್ಸ್‌ನ ವಿನಂತಿ-ಮಿತಿ ಸೌಲಭ್ಯ ಇದಕ್ಕೆ ಸಾಕಾಗುತ್ತದೆ. 64 ಬಿಟ್ ಯಂತ್ರದಲ್ಲಿ ಒಂದು ಮೆಗಾಬೈಟ್ ನೆನಪಿನಲ್ಲಿ ಅದು ಸುಮಾರು 8,000 ವಿಳಾಸಗಳ ಲೆಕ್ಕ ಇಡುತ್ತದೆ. ಮಿತಿ ಮೀರಿದಾಗ ಅದು ತಾನಾಗಿ ಕೊಡುವ ಉತ್ತರ 503, ಅಂದರೆ ಸೇವೆ ಲಭ್ಯವಿಲ್ಲ. ಅದನ್ನು 429ಕ್ಕೆ, ಅಂದರೆ ವಿನಂತಿಗಳು ಅತಿಯಾದವು ಎಂಬುದಕ್ಕೆ ಬದಲಾಯಿಸಿದೆ. ಹಾಗೆ ಮಾಡದಿದ್ದರೆ, ಸರ್ವರ್ ನಿಜವಾಗಿ ಕೆಟ್ಟ ದಿನದ 503ಗಳೂ ನಾವೇ ತಡೆದವೂ ಲಾಗ್‌ನಲ್ಲಿ ಬೆರೆತುಹೋಗುತ್ತವೆ.

ವೇಗಮಿತಿ ಕ್ರಾಲರ್‌ಗಳ ಭಾರವನ್ನು ಇಳಿಸಿತು. ಸಾವಿರಾರು ವಿಳಾಸಗಳಿಂದ ಒಂದೊಂದೇ ಸಲ ಬರುವ ಸ್ಪ್ಯಾಮ್‌ಗೆ ಅದು ಏನೂ ಮಾಡದು. ಅದಕ್ಕೆ ಟೋಕನ್ ಮತ್ತು ಅಚ್ಚಿನ ಎಣಿಕೆಯೇ ಗತಿ. ತಾನು ಗೂಗಲ್‌ಬಾಟ್ ಎಂದು ಹೇಳಿಕೊಂಡು ಬರುವುದನ್ನು ಹೆಸರಿನ ಮೇಲೆ ನಂಬದೆ, ಆ ವಿಳಾಸದಿಂದ ಡೊಮೇನ್ ಹೆಸರನ್ನು ಹುಡುಕಿ, ಅದು ಗೂಗಲ್‌ನ ಡೊಮೇನಿಗೆ ಸೇರಿದ್ದರೆ ಆ ಹೆಸರಿನಿಂದ ಮತ್ತೆ ವಿಳಾಸಕ್ಕೆ ಬಂದು, ಎರಡೂ ಹೊಂದಿದರೆ ಮಾತ್ರ ಒಪ್ಪುವ ಕ್ರಮವನ್ನು ಇಟ್ಟೆ.

ಚಿತ್ರಗಳಲ್ಲಿ ಬಸ್ಸು ಎಲ್ಲಿದೆ ತೋರಿಸಿ ಎಂದು ಕೇಳುವ ಕ್ಯಾಪ್ಚಾವನ್ನು ಹಾಕಲಿಲ್ಲ. ಹೊಲದಲ್ಲಿ ನಿಂತು ದುರ್ಬಲ ಸಿಗ್ನಲ್‌ನಲ್ಲಿ ಒಂದು ಪದ ಕೇಳುವವರಿಗೂ, ಕಣ್ಣು ಮಂಜಾದ ಹಿರಿಯರಿಗೂ ನಾವು ಪರೀಕ್ಷೆ ಇಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹುಡುಕಾಟದ ಕೋಷ್ಟಕದಲ್ಲಿ ಐಪಿ ವಿಳಾಸವನ್ನು ಇಡುವುದನ್ನು ಇದೇ ಸಂದರ್ಭದಲ್ಲಿ ನಿಲ್ಲಿಸಿದೆ. ಯಾರು ಯಾವ ಪದ ಹುಡುಕಿದರು ಎಂಬುದು ಪದಕೋಶಕ್ಕೆ ಬೇಕಾಗಿಲ್ಲ. ಸರ್ವರ್‌ನ ಮೂಲ ಲಾಗ್ ಪ್ರತ್ಯೇಕವಾಗಿ 180 ದಿನ ಉಳಿದು ಅಳಿಸಿಹೋಗುತ್ತದೆ. ಸೇವಾದಾತರು ಮತ್ತು ಡೇಟಾ ಸೆಂಟರ್‌ಗಳಿಗಾಗಿ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದಲ್ಲಿರುವ ಅವಧಿಯನ್ನೇ ಇಲ್ಲಿ ಅನುಸರಿಸಿದ್ದೇನೆ.

ಪರಿಶೀಲನೆ, ಮತ್ತು ಉಳಿದ ಕೆಲಸ

ಗುರುತುಗಳು ಸರಿಯೇ ಎಂದು ತಿಳಿಯಲು ಮೂರೂ ಗುಂಪುಗಳಿಂದ ಯಾದೃಚ್ಛಿಕವಾಗಿ ಸಾಲುಗಳನ್ನು ತೆಗೆದು, ಗುರುತನ್ನು ಮರೆಮಾಡಿ, ನಾನೂ ಗೆಳೆಯರೂ ಬೇರೆ ಬೇರೆಯಾಗಿ ಓದಿ ತೀರ್ಮಾನಿಸಿ, ಅನಂತರ ಹೋಲಿಸಿ ನೋಡಿದೆವು. ‘ಯಂತ್ರ’ ಗುಂಪಿನಲ್ಲಿ ಓದುಗರ ಪದ ಒಂದಾದರೂ ಕಂಡರೆ ಅದಕ್ಕೆ ಕಾರಣವಾದ ನಿಯಮವನ್ನು ಅಂತಹ ಪದವನ್ನು ಹಿಡಿಯದಂತೆ ತಿದ್ದುವುದು, ‘ಓದುಗ’ ಗುಂಪಿನಲ್ಲಿ ಕಸ ಕಂಡರೆ ಹೊಸ ಅಚ್ಚು ಕಾಣುವವರೆಗೆ ಸುಮ್ಮನಿರುವುದು ಎಂದು ಒಪ್ಪಿಕೊಂಡಿದ್ದೇವೆ. ಈ ಪರಿಶೀಲನೆಯನ್ನು ಪ್ರತಿ ತಿಂಗಳೂ ಮಾಡಬೇಕಾಗುತ್ತದೆ, ಏಕೆಂದರೆ ಸ್ಪ್ಯಾಮ್‌ನ ಭಾಷೆ ಬದಲಾಗುತ್ತಲೇ ಇರುತ್ತದೆ.

ಸೊನ್ನೆ ಫಲಿತಾಂಶದ ಪಟ್ಟಿಯನ್ನು ಈಗ ಓದಬಹುದು. ‘ಅಕ್ಕಡಿ ಸಾಲು’ ಮೇಲೆ ಬಂದಿದೆ, ಅದನ್ನು ಸೇರಿಸಿಯಾಯಿತು. ‘ಹಂತಿಪದ’ ಎಂದು ಕೂಡಿಸಿಯೂ ‘ಹಂತಿ ಪದ’ ಎಂದು ಬಿಡಿಸಿಯೂ ಕೇಳಿದವರಿದ್ದಾರೆ. ‘ಹಂತಿ’ ಮಾತ್ರ ಕೋಶದಲ್ಲಿತ್ತು, ಕಣದಲ್ಲಿ ಎತ್ತುಗಳನ್ನು ಸುತ್ತಿಸುತ್ತ ಹಾಡುವ ಆ ಹಾಡುಗಳಿಗೆ ಪ್ರತ್ಯೇಕ ವಿವರಣೆ ಬೇಕು. ವಸ್ತುವನ್ನು ವರ್ಣಿಸಿ ಕೇಳಿದ ಪ್ರಶ್ನೆಗಳನ್ನು ಬೇರೆ ಪಟ್ಟಿಗೆ ತೆಗೆದಿದ್ದೇನೆ, ಏಕೆಂದರೆ ಅವುಗಳಿಗೆ ಉತ್ತರ ಕೊಡಲು ಪದದ ಜೊತೆಗೆ ಅರ್ಥದಲ್ಲೂ ಹುಡುಕುವ ಏರ್ಪಾಡು ಬೇಕಾಗುತ್ತದೆ. ಅದಕ್ಕೂ ಮೊದಲು ಮಾಡಬೇಕಾದದ್ದು ನುಡಿಯ ಹಳೆಯ ಸಂಕೇತದಲ್ಲಿ ಅಂಟಿಸಿದ ಪದವನ್ನು ಪೆಟ್ಟಿಗೆಯಲ್ಲೇ ಯೂನಿಕೋಡ್‌ಗೆ ತಿರುಗಿಸುವ ಕೆಲಸ. ಆ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ಬಳಿಕ ಬರುತ್ತದೆ, ಯೂನಿಕೋಡ್‌ನಲ್ಲಿ ರಕಾರ ಮೊದಲು ಬರಬೇಕು. ಒತ್ತಕ್ಷರ, ಸ್ವರಚಿಹ್ನೆಗಳು ಕೂಡಿದಾಗ ಅದು ಎಷ್ಟು ಹಿಂದಕ್ಕೆ ಸರಿಯಬೇಕೆಂಬುದನ್ನು ಪ್ರತಿ ಸಂದರ್ಭಕ್ಕೂ ಬರೆಯಬೇಕು. ‘ಸಂದೇಹ’ದ ಗುಂಪಿನಿಂದ ಹೀಗೆ ಅಂಟಿಸಿದ ಸಾಲುಗಳನ್ನು ಆರಿಸಿ ಪರೀಕ್ಷೆಗೆಂದು ಇಟ್ಟುಕೊಂಡಿದ್ದೇನೆ, ತಿರುಗಿಸುವ ಕೋಷ್ಟಕದ ಮೊದಲ ಕರಡು ಸಿದ್ಧವಾಗುತ್ತಿದೆ.